ಮುಕ್ತಾ ಹೆಸರಿನ ಬೋಗುಣಿ

ಈ ದೇಶದ ನ್ಯಾಯಾಂಗ ಎದುರಿಸಿದ ಗಹನ ಪ್ರಶ್ನೆಗಳ ಸಾಲಿಗೆ ಇದನ್ನೂ ಸೇರಿಸಬೇಕು: ಡೊಂಬಿವಲಿಯ ದಿವಾಳಿಯಾದ ಹೋಟೆಲೊಂದರ ಸಾಂಬಾರಿನ ಬೋಗುಣಿ ಯಾರದು?

ಹೋಟೆಲು ಶ್ರೀಕಂಠ ಪ್ರಭುಗಳದು. ಕೋರ್ಟು ನೇಮಿಸಿದ ರಿಸೀವರ್ ಬಂದು ಗ್ರೈಂಡರು, ಫ್ರಿಜ್ಜು, ಕುರ್ಚಿಗಳಿಗೆಲ್ಲ ಹರಾಜಿನ ಚೀಟಿ ಅಂಟಿಸುವಾಗ ಪ್ರಭುಗಳು ಸುಮ್ಮನಿದ್ದರು. ಹಿತ್ತಾಳೆ ಬೋಗುಣಿಯ ಸರದಿ ಬಂದಾಗ ಮಾತ್ರ ಅಡ್ಡ ನಿಂತರು. "ಅದು ನನ್ನ ಹೆಂಡತಿಯದು ಮಾರಾಯ್ರೆ. ನಾಲ್ಕು ದಿನಕ್ಕೆ ಅಂತ ಮನೆಯಿಂದ ತಂದದ್ದು."

ಆ ನಾಲ್ಕು ದಿನಕ್ಕೆ ಇಪ್ಪತ್ತೆಂಟು ವರ್ಷವಾಗಿತ್ತು.

ತವರಿನವರು ಮದುವೆಗೆ ಕೊಟ್ಟ ಪಾತ್ರೆ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ 'ಮುಕ್ತಾ' ಎಂದು ಕೊರೆಸಿದ್ದರು. ಹೆಂಡತಿಯ ಆಧಾರ್ ಕಾರ್ಡಿನಲ್ಲಿದ್ದದ್ದು ಭಾಗೀರಥಿ. ತಮ್ಮವರಲ್ಲಿ ಮದುವೆಯ ದಿನ ಹೆಣ್ಣಿನ ಹೆಸರೇ ಬದಲಾಗುತ್ತದೆಂದು ಕೋರ್ಟಿಗೆ ಹೇಳಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ; ಅದು ಗೊತ್ತಿಲ್ಲದವರೂ ಇರುತ್ತಾರೆಯೇ? ಹೆಸರು ತಾಳೆಯಾಗದೆ ಕೆಳಗಿನ ಕೋರ್ಟು ಬೋಗುಣಿಯನ್ನು ಹೋಟೆಲಿನ ಆಸ್ತಿಗೇ ಸೇರಿಸಿತು.

"ಬಿಡಿ ಅತ್ಲಾಗೆ," ಎಂದರು ಭಾಗೀರಥಿ, ಹತ್ತಿರದ ದಿವಾ ಸ್ಟೇಷನ್ ಬಳಿಯ ಬಾಡಿಗೆ ಮನೆಯಲ್ಲಿ. "ಅಷ್ಟು ದೊಡ್ಡದರಲ್ಲಿ ಇಬ್ಬರಿಗೆ ಎಂತ ಬೇಯಿಸುವುದು?"

"ವಾಪಸ್ ಕೊಡ್ತೇನೆ ಅಂದಿದ್ದೆ."

"ಮಾಥೇರಾನ್ ತೋರಿಸ್ತೇನೆ ಅಂತಲೂ ಅಂದಿದ್ರಿ."

ಹಾಗೆಂದ ಭಾಗೀರಥಿಯೇ ಅಡುಗೆ ಕಟ್ಟೆಯ ಕೆಳಗೆ ಬೋಗುಣಿಯಷ್ಟು ಜಾಗ ಖಾಲಿ ಬಿಟ್ಟಿದ್ದರು. ಪ್ರಭುಗಳು ಅದನ್ನು ನೋಡಿ ಹೈಕೋರ್ಟಿಗೆ ಹೋದರು.

ವಕೀಲೆ ಅನಘ ಪಕ್ಕದ ಮನೆಯ ಹುಡುಗಿ. ಲೋಕಲ್ ರೈಲಿನಲ್ಲಿ ನಿಂತೇ, ಉತ್ತರ ಚುಟುಕಾಗಿರಲಿ ಎಂದು ಪಾಠ ಹೇಳಿದಳು: "ಅಂಕಲ್, ಜಡ್ಜ್ ಕುಛ್ ಪೂಛೇ ತೋ ಛೋಟಾ ಜವಾಬ್ ದೇನಾ. ಹೋಟೆಲ್ ಕಾ ಇತಿಹಾಸ್ ನಹೀ."

ಅವಳು ವಧುವಿನ ಹೆಸರು ಮುಕ್ತಾ ಎಂದಿದ್ದ ಹಳೆಯ ಲಗ್ನಪತ್ರಿಕೆಯನ್ನು ಮುಂದಿಟ್ಟಾಗ ನ್ಯಾಯಮೂರ್ತಿಗಳು ಕೇಳಿಯೇಬಿಟ್ಟರು: "ಈ ಮುಕ್ತಾ ಯಾರು?"

ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಭಾಗೀರಥಿ ಎಂಬ ಹೊಸ ಹೆಸರು ಬರೆದವರು ಪ್ರಭುಗಳೇ. ಆಮೇಲೆ ಹೆಂಡತಿಯನ್ನು ಹಳೆಯದರಿಂದಲೂ ಕರೆಯಲಿಲ್ಲ, ಹೊಸದರಿಂದಲೂ ಕರೆಯಲಿಲ್ಲ. ಸಂಸಾರವೆಲ್ಲ 'ಕೇಳಿತಾ' ಎಂಬುದರಲ್ಲೇ ಸಾಗಿತ್ತು. ಈಗ ಹಿಂದಿನ ಬೆಂಚಿನತ್ತ ಕೈ ತೋರಿಸಿ, ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಇವಳೇ ಮುಕ್ತಾ, ಸಾಹೇಬ್. ಆ ಹೆಸರನ್ನು ಅವಳಿಂದ ನಾನು ತೆಗೆದುಕೊಂಡೆ. ಬೋಗುಣಿಯನ್ನಾದರೂ ಕೊಟ್ಟುಬಿಡುತ್ತೇನೆ."

ಭಾಗೀರಥಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಅಂತೂ ಹೆಸರು ಬಾಯಿಗೆ ಬಂತಲ್ಲ," ಎಂದು, ಹಿಂದಿನ ಬೆಂಚಿಗೆ ಬಂದ ಅನಘಳ ಕಿವಿಯಲ್ಲಿ ಹೇಳಿದರು. "ಅದಕ್ಕೂ ಕೋರ್ಟೇ ಬೇಕಾಯ್ತು."

ಬೋಗುಣಿ ಭಾಗೀರಥಿ ಉರುಫ್ ಮುಕ್ತಾ ಪ್ರಭು ಅವರದೆಂದು ತೀರ್ಪಾಯಿತು. ಹೋಟೆಲು ಹರಾಜಾಯಿತು.