ಬಿಲ್ಲಿಲ್ಲದ ಸೀರೆ

ಜಂಬ ಕೊಚ್ಚುವ ಬಾಯಿಗೆ ಮಣ್ಣು ಹಾಕಬೇಕು. ಇಲ್ಲಿ ಆ ಬಾಯಿ ನನ್ನದೇ.

ದೀಪಾವಳಿಗೆ ಹತ್ತು ದಿನವಿತ್ತು. ಮಧುರೆಯ ವಿಳಕ್ಕುತ್ತೂಣ್ ಹತ್ತಿರದ ಸೀರೆ ಅಂಗಡಿಯಲ್ಲಿ ಮೂರು ರೇಷ್ಮೆ ಸೀರೆ ಕಾಣೆಯಾಗಿದ್ದವು. ಬಿಲ್ಲಾಗದ ಮಾಲು ದಾಟಿದರೆ ಕೂಗಲೆಂದು ಬಾಗಿಲಲ್ಲಿ ನಿಲ್ಲಿಸಿದ ಎರಡು ಕಂಬ ತುಟಿಪಿಟಕ್ಕೆಂದಿರಲಿಲ್ಲ. ಮಾಲೀಕ ತಂಗಮಾರಿಯಪ್ಪನ್, ಎಲ್ಲರ ಬಾಯಲ್ಲಿ ಅಣ್ಣಾಚ್ಚಿ, ಕಂಬ ರಿಪೇರಿ ಮಾಡುವ ನನ್ನನ್ನು ಕರೆಸಿದರು. ಬೆಳಗಿನಿಂದ ಕಂಬಗಳನ್ನು ಆರಿಸಿಟ್ಟು, ಲ್ಯಾಪ್‌ಟಾಪ್ ಜೋಡಿಸಿ ಕೂತೆ. ಪಕ್ಕದ ಮೊಬೈಲ್ ಅಂಗಡಿಯ ದೀಪದ ಬೋರ್ಡು ಕಂಬಗಳಿಗೆ ಅಡ್ಡಿ ಮಾಡುತ್ತಿತ್ತು. ಆ ಅಂಗಡಿಯ ಮಹಾರಾಯನ ಕಾಲು ಹಿಡಿಯುವುದೊಂದು ಬಾಕಿ, ಅಂತೂ ಅದನ್ನು ಸರಿಸಿದ. ಮೂರೂವರೆಗೆ ಎಲ್ಲ ಮುಗಿಸಿ, ಕಂಬಗಳ ಕಿವಿ ಚುರುಕು ಮಾಡಿ ಚಾಲೂ ಮಾಡಿದೆ.

"ಇರುಳಪ್ಪಾ, ಸುಮ್ಮಸುಮ್ಮನೆ ಕಿರುಚಲ್ಲ ತಾನೆ?" ಎಂದರು ಅಣ್ಣಾಚ್ಚಿ.

"ಮನುಷ್ಯರು ಸುಳ್ಳು ಹೇಳ್ಬಹುದು ಅಣ್ಣಾಚ್ಚಿ, ಇದು ಹೇಳಲ್ಲ" ಎಂದೆ.

ನಾಲ್ಕಕ್ಕೆ ಪೊನ್ನುತ್ತಾಯಿ ಮೆಟ್ಟಿಲಿಳಿದು ಬಂದಳು. ರೇಷ್ಮೆ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಸೀರೆ ಬಿಡಿಸಿ ತೋರಿಸುವ ಹೆಂಗಸು. ಈಗ ಏಳು ತಿಂಗಳ ಬಸುರಿ. ಭಾನುವಾರ ಬಳೆ ತೊಡಿಸುವ ಶಾಸ್ತ್ರ ಮುಗಿದಿತ್ತು, ಬಾಣಂತನಕ್ಕೆ ಉಸಿಲಂಪಟ್ಟಿಗೆ ಕರೆದೊಯ್ಯಲು ತಾಯಿ ಬಂದಿದ್ದಳು. ಜೊತೆಯವರೆಲ್ಲ ಬೀಳ್ಕೊಡಲು ಬಾಗಿಲ ತನಕ ಬಂದರು. ಅವಳು ಕಂಬಗಳ ನಡುವೆ ಕಾಲಿಟ್ಟಳು. ಕಂಬಗಳು ಬಾಯಿ ಬಡಿದುಕೊಂಡವು.

ಇಡೀ ಅಂಗಡಿ ತಿರುಗಿ ನೋಡಿತು. ಚೀಲ ಕೆಳಗಿಡಿಸಿ ಮತ್ತೆ ದಾಟಿಸಿದರು, ಮತ್ತೆ ಕಿರುಚಿದವು. ಹೊಟ್ಟೆಗೆ ಕಟ್ಟಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಗಿರಾಕಿಯೊಬ್ಬಳು ಪಿಸುಗುಟ್ಟಿದ್ದು ಆ ತಾಯಿಗೂ ಕೇಳಿಸಿತು. ಮೇಲ್ವಿಚಾರಕ ಬಳೆ ತೆಗೆದು ದಾಟು ಎಂದ. ಹೆರಿಗೆಯಾಗುವ ತನಕ ಈ ಬಳೆ ತೆಗೆಯುವ ಹಾಗಿಲ್ಲ ಎಂದು ಅವಳು ಎರಡೂ ಕೈ ಎದೆಗವಚಿಕೊಂಡಳು. ಗಾಜಿನ ಬಳೆಗೆ ಕಂಬ ಕಿರುಚುವುದಿಲ್ಲವೆಂದು ನನಗೆ ಗೊತ್ತು. ಆದರೂ ಹೇಳಲಿಲ್ಲ. ಬಳೆಯಲ್ಲವೆಂದರೆ ಎಲ್ಲರ ಕಣ್ಣಲ್ಲಿ ಅವಳು ಕಳ್ಳಿ.

ಅಣ್ಣಾಚ್ಚಿ ನನ್ನ ಕಡೆ ತಿರುಗಿದರು. "ಇದು ಸುಳ್ಳು ಹೇಳಲ್ಲ ಅಂದ್ಯಲ್ಲಪ್ಪ?"

ಕಿವಿ ಜಾಸ್ತಿ ಚುರುಕು ಮಾಡಿಬಿಟ್ಟೆ ಎಂದಿದ್ದರೆ ಅವಳು ಬಚಾವ್. ಆದರೆ ಈ ಬೀದಿಯಲ್ಲಿ ಇನ್ನು ಯಾವ ಅಂಗಡಿ ನನ್ನನ್ನು ಕರೆಯುತ್ತದೆ? ಥೂ, ನನ್ನ ಜನ್ಮಕ್ಕಿಷ್ಟು.

ಕೈಯಲ್ಲಿ ಹಿಡಿದು ನೋಡುವ ಸಣ್ಣ ಯಂತ್ರ ತೆಗೆದೆ. ಚೀಲದ ಹತ್ತಿರ ಸದ್ದಿಲ್ಲ. ಬೆನ್ನಿನ ಹತ್ತಿರ ಸದ್ದಿಲ್ಲ. ಸೊಂಟದ ಬಳಿ ಬಂದಾಗ ಗುಂಯ್ ಎಂದಿತು. ತಾಯಿ ಅಯ್ಯೋ ಎಂದು ಅಲ್ಲೇ ಕುಸಿದಳು. ಪೊನ್ನುತ್ತಾಯಿ ಮಾತ್ರ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿಯನ್ನು ಎಳೆದು ನನ್ನ ಮುಂದೆ ಹಿಡಿದಳು. ಸದ್ದು ಸೆರಗಿನ ಜೊತೆ ಬಂತು. ಮೂಲೆಯಲ್ಲಿ ಅಂಗಡಿಯ ಹೆಸರಿನ ಪಟ್ಟಿ, ಅದರೊಳಗೆ ಕಂಬವನ್ನು ಕೂಗಿಸುವ ನಮ್ಮ ಲೋಹದ ತೆಳು ಪತ್ತಿ, ಇನ್ನೂ ಜೀವಂತ.

"ಈ ಸೀರೆಗೆ ಬಿಲ್ ಎಲ್ಲಿ?" ಅಣ್ಣಾಚ್ಚಿಯ ಮುಖ ಕಪ್ಪಿಟ್ಟಿತ್ತು.

"ಬಿಲ್ ಇಲ್ಲ ಅಣ್ಣಾಚ್ಚಿ. ಬಳೆ ತೊಡಿಸಿದ ದಿನ ನಿಮ್ಮನೆ ಅಮ್ಮ ಕೊಟ್ಟಿದ್ದು."

ಅಷ್ಟರಲ್ಲಿ ಗಲಾಟೆ ಕೇಳಿ ಅಣ್ಣಾಚ್ಚಿಯ ಹೆಂಡತಿ ಮಹಡಿಯಿಂದ ಇಳಿದು ಬಂದಿದ್ದರು. "ನಾನೇ ಶೆಲ್ಫಿಂದ ತೆಗೆದು ತಟ್ಟೇಲಿಟ್ಟೆ. ಬಸುರಿಗೆ ಉಡಿಸೋ ಸೀರೆಗೆ ಬಿಲ್ ಹಾಕ್ತಾರೇನ್ರೀ?"

ಯಾರೂ ಹಾಕುವುದಿಲ್ಲ. ಬಿಲ್ ಹಾಕುವ ಮೇಜಿನ ಕಪ್ಪು ಹಲಗೆಗೆ ಉಜ್ಜಿದರೆ ತಾನೇ ಪತ್ತಿ ಸಾಯುವುದು? ಪ್ರೀತಿಯಿಂದ ಕೊಟ್ಟದ್ದು ಆ ಮೇಜಿಗೆ ಹೋಗುವುದೇ ಇಲ್ಲ. ಇದು ಅವರಿಗೂ ಹೊಳೆದಿರಲಿಲ್ಲ, ಹತ್ತು ವರ್ಷದಿಂದ ಇದೇ ಕೆಲಸ ಮಾಡುವ ನನಗೂ ಹೊಳೆದಿರಲಿಲ್ಲ.

ಅಣ್ಣಾಚ್ಚಿ ತಲೆ ತಗ್ಗಿಸಿ ತಪ್ಪಾಯಿತಮ್ಮ ಎಂದರು. ಕಂಬ ಆರಿಸು, ಮಗಳು ಹೊರಡಲಿ ಎಂದು ನನಗೆ ಹೇಳಿದರು. ಪೊನ್ನುತ್ತಾಯಿ ಮೇಜಿಗೆ ಹೋಗಿ ತಾನೇ ಸೆರಗನ್ನು ಕಪ್ಪು ಹಲಗೆಗೆ ಒತ್ತಿ ಉಜ್ಜಿದಳು. ನಾನು ಲ್ಯಾಪ್‌ಟಾಪಿಗೆ ಕೈ ಹಾಕಿದೆ.

"ಅಣ್ಣಾ, ಏನೂ ಮುಟ್ಬೇಡಿ" ಎಂದಳು. "ಅದು ಕೂಗಿದ್ದನ್ನ ಎಲ್ಲರೂ ಕೇಳಿದ್ರು. ಸುಮ್ಮನಿರೋದನ್ನೂ ಕೇಳಲಿ."

ಪತ್ತಿ ಪೂರ್ತಿ ಸತ್ತಿರದಿದ್ದರೆ? ಮೊಬೈಲ್ ಅಂಗಡಿಯ ಆ ಬೋರ್ಡನ್ನು ಯಾರಾದರೂ ಮತ್ತೆ ಮೊದಲಿನ ಜಾಗಕ್ಕೆ ಸರಿಸಿದ್ದರೆ? ಮೀನಾಕ್ಷಿ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಪೊನ್ನುತ್ತಾಯಿ ತನ್ನ ತಾಯಿಯನ್ನು ಎಬ್ಬಿಸಿ, ಅವಳ ಕೈ ಹಿಡಿದು, ಕಂಬಗಳ ನಡುವೆ ಒಂದು ಗಳಿಗೆ ನಿಂತೇ ದಾಟಿದಳು.

ಬಳೆಗಳ ಸದ್ದು ಮಾತ್ರ ಕೇಳಿಸಿತು.