ನಡೆಯಾಕೆ ಬಂದವರು

ಸೋಪಿನ ನೀರಿನಲ್ಲಿ ಮಂಚದ ಬಟ್ಟೆ ಒಗೆದೂ ಒಗೆದೂ ದುರ್ಗಾಂಬಿಕಾಳ ಅಂಗೈ ಚರ್ಮ ಸುಲಿದುಹೋಗಿತ್ತು. ಊಟಕ್ಕೆ ಕೂತರೆ ಸಾರಿನ ಖಾರ ಉರಿಯುತ್ತಿತ್ತು.

ಅವಳು ಫಿಸಿಯೋಥೆರಪಿ ಸಹಾಯಕಿಯ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಇಂಟರ್ನ್‌ಶಿಪ್ ಮಾಡಿ ಬಾ ಎಂದು ಕಾಲೇಜಿನವರು ಚನ್ನಗಿರಿಯ ಈ ಕ್ಲಿನಿಕ್ಕಿಗೆ ಕಳಿಸಿದ್ದರು. ಲಕ್ವ ಹೊಡೆದವರನ್ನು ನಡೆಸುವುದು, ಮುರಿದು ಕೂಡಿದ ಕೈಕಾಲಿಗೆ ಮತ್ತೆ ಕಸುವು ತರುವುದು, ಇದನ್ನೆಲ್ಲ ಕಲಿಯುವ ಆಸೆಯಿಂದ ಸೊಕ್ಕೆ ಎಂಬ ಊರು ಬಿಟ್ಟು ಬಂದವಳ ಕೈಗೆ ಕ್ಲಿನಿಕ್ಕಿನ ಮಾಲೀಕ ಮಂಜುನಾಥ ಮೊದಲ ದಿನವೇ ಬಕೆಟ್ಟು ಕೊಟ್ಟ.

“ಇಂಟರ್ನ್‌ಶಿಪ್ ಅಂದ್ರೆ ಕಲಿಯೋದಮ್ಮ. ಎಲ್ಲಾ ಕೆಲಸಾನೂ ಕಲೀಬೇಕು,” ಅಂದ.

ಮಂಜುನಾಥ ಡಾಕ್ಟರಲ್ಲ. ಮೊದಲು ಗೊಬ್ಬರದ ಅಂಗಡಿ ಇಟ್ಟಿದ್ದ. ಇದರಲ್ಲಿ ಲಾಭ ಜಾಸ್ತಿ ಎಂದು ಗೊತ್ತಾದ ಮೇಲೆ ಕ್ಲಿನಿಕ್ಕು ಹಾಕಿದ. ಚಿಕಿತ್ಸೆ ಮಾಡುತ್ತಿದ್ದವಳು ಕಾವ್ಯಶ್ರೀ. ಓದಿದ ಫಿಸಿಯೋಥೆರಪಿಸ್ಟು, ಸಂಬಳಕ್ಕಿದ್ದವಳು, ಮಾತು ಕಡಿಮೆ.

ಒಳಗಿನ ಕೋಣೆಯಲ್ಲಿ ಉದ್ದಕ್ಕೆ ಎರಡು ಸ್ಟೀಲಿನ ಕಂಬಿಗಳಿದ್ದವು. ಅವುಗಳ ನಡುವೆ ನಿಂತು, ಎರಡೂ ಕಡೆ ಹಿಡಿದುಕೊಂಡು ನಡಿಗೆ ಕಲಿಯಬೇಕು. ಆ ಕೋಣೆಗೆ ಯಾವಾಗಲೂ ಬೀಗ. ಕಾರಿನಲ್ಲಿ ಬಂದವರಿಗೆ ಮಾತ್ರ ತೆಗೆಯುತ್ತಿದ್ದರು. ಮಳೆಗಾಲವಾದ್ದರಿಂದ ಮಿಕ್ಕ ಹೊತ್ತಿನಲ್ಲಿ ಒಗೆದ ಬಟ್ಟೆ ಆ ಕಂಬಿಗಳ ಮೇಲೆ ಒಣಗುತ್ತಿತ್ತು. ಬಸ್ಸಿನಲ್ಲಿ ಬಂದವರಿಗೆ ಹೊರಗಿನ ಹಜಾರದಂಥ ಹಾಲು, ಕಬ್ಬಿಣದ ಮಂಚ, ಕರೆಂಟಿನ ಮಿಷಿನ್ನು.

ಜುಂಜಪ್ಪ ಬಸ್ಸಿನಲ್ಲಿ ಬರುವವನು. ಕತ್ತಲಗೆರೆ ಕಡೆಯ ಹಟ್ಟಿಯವನು, ಹುಟ್ಟಿದಾಗಿನಿಂದ ಕುರಿ ಕಾಯ್ದವನು. ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಹೆಂಡತಿ ಅಜ್ಜಮ್ಮನ ಹೆಗಲಿಗೆ ಜೋತುಬಿದ್ದು ಬರುತ್ತಿದ್ದ, ಮಿಷಿನ್ನಿನ ಕೆಳಗೆ ಮಲಗುತ್ತಿದ್ದ, ಹಾಗೇ ಜೋತುಬಿದ್ದು ಹೋಗುತ್ತಿದ್ದ.

“ಇದೇನವ್ವ, ಇರುವೆ ಹರಿದಂಗೆ ಆಗ್ತೈತೆ,” ಎಂದು ಒಂದು ದಿನ ದುರ್ಗಾಂಬಿಕಾಳನ್ನು ಕೇಳಿದ. “ಇರುವೆ ನಮ್ಮ ಹಟ್ಟಿಯಾಗೇ ಬೇಕಾದಷ್ಟು ಅದಾವೆ. ಅದಕ್ಕೆ ಬಸ್ಸು ಹತ್ತಿ ಬರಬೇಕಾ?”

ಹಾಲಿನಲ್ಲಿದ್ದವರೆಲ್ಲ ನಕ್ಕರು. ದುರ್ಗಾಂಬಿಕಾಳೂ ನಕ್ಕಳು. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಸಂಜೆ ಕಾವ್ಯಶ್ರೀಯನ್ನು ಕೇಳಿದಳು.

“ಮೇಡಂ, ಆ ಅಜ್ಜನ್ನ ನಡೆಸಬೇಕಲ್ವಾ?”

“ಯಾವಾಗ್ಲೋ ನಡೆಸಬೇಕಿತ್ತು.”

“ಮತ್ತೆ ಯಾಕೆ ನಡೆಸ್ತಿಲ್ಲ?”

“ಒಬ್ಬರನ್ನ ನಡೆಸೋ ಹೊತ್ತಿನಾಗೆ ನಾಕು ಜನಕ್ಕೆ ಮಿಷಿನ್ ಹಾಕಬಹುದು ಅಂತಾರೆ ಓನರ್ರು. ಅದೂ ಅಲ್ದೆ, ನಡೆಯೋದು ಕಲಿತೋರು ಮತ್ತೆ ಬರಲ್ಲ.” ಕಾವ್ಯಶ್ರೀ ತಲೆ ತಗ್ಗಿಸಿದಳು. “ನಾನೂ ಹೇಳಿ ಹೇಳಿ ಸುಮ್ಮನಾದೆ.”

ದುರ್ಗಾಂಬಿಕಾಳಿಗೆ ಅಜ್ಜಮ್ಮ ನೆನಪಾದಳು. ಗಂಡನನ್ನು ಹೊತ್ತು ಹೊತ್ತು ಒಂದು ಕಡೆ ವಾಲಿದ್ದಳು. ಅವಳ ಹೆಗಲಿನ ಮೇಲೆ ನಡೆಯುತ್ತಿತ್ತು ಈ ವ್ಯಾಪಾರ.

ಮಂಜುನಾಥ ದಾವಣಗೆರೆಗೆ ಹೋದ ದಿನ ಅವಳು ಮತ್ತೆ ಕೇಳಿದಳು. “ಹಾಲಿನಾಗೇ ನಡೆಸ್ಲಾ ಮೇಡಂ? ನೀವು ಪಕ್ಕದಾಗೆ ಇರ್ರಿ, ಸಾಕು.”

ಕಾವ್ಯಶ್ರೀ ಬಾಗಿಲ ಕಡೆ ನೋಡಿದಳು. ಆಮೇಲೆ ಪಟ್ಟಿಯೊಂದನ್ನು ತಂದು ಜುಂಜಪ್ಪನ ಸೊಂಟಕ್ಕೆ ಕಟ್ಟಿದಳು. “ಎಡಗಡೆ ನಿಂತ್ಕೋ. ಪಟ್ಟಿ ಬಿಗಿಯಾಗಿ ಹಿಡಿ.”

ಜುಂಜಪ್ಪನ ಮುಖ ಬಾಡಿತು. “ಬಿದ್ರೆ ಏನವ್ವ ಗತಿ?”

“ಎತ್ತಾಕೆ ನಾವಿಲ್ವೇನಜ್ಜ?” ಅಂದಳು ಸಾವಂತ್ರಮ್ಮ. ಅವಳು ಸೂಳೆಕೆರೆಯಲ್ಲಿ ಮೀನು ಹಿಡಿಯುವವಳು. ಬಲಭುಜ ಬಿಗಿದುಕೊಂಡು ಬಲೆ ಬೀಸಲಾಗದೆ ಬಂದಿದ್ದಳು. “ನನ್ನ ಒಂದು ಕೈ ಏಳಲ್ಲ, ಅಷ್ಟೆ. ಇನ್ನೊಂದು ಗಟ್ಟಿ ಐತೆ.”

ಅಜ್ಜಮ್ಮ ಹಾಲಿನ ಆ ತುದಿಗೆ ಹೋಗಿ ನಿಂತಳು. “ಕುರಿ ಮುಂದೆ ಹೋಗ್ತಾ ಅದಾವೆ ಅನ್ಕೋ. ಸುಮ್ನೆ ಅವುಗಳ ಹಿಂದೆ ಬಾ.”

ಜುಂಜಪ್ಪ ನಿಂತ. ಕುರಿ ಹೊಡೆಯುವ ಕೂಗು ಅವನ ಬಾಯಿಂದ ತಾನಾಗೇ ಬಂತು, “ತ್ರ್ರ್ರ್... ಹೋಯ್.” ಎಡಗಾಲು ನೆಲ ಉಜ್ಜಿಕೊಂಡು ಮುಂದೆ ಬಂತು. ಇನ್ನೊಂದು ಸಲ, “ತ್ರ್ರ್ರ್... ಹೋಯ್.” ಮಂಚದ ಮೇಲಿದ್ದವರು ಎದ್ದು ಕೂತು ತಾವೂ ಕುರಿ ಹೊಡೆಯತೊಡಗಿದರು. ಅಷ್ಟು ಜನ ಕುರಿ ಕಾಯುವವರ ಮಧ್ಯೆ ನಡೆದು ಜುಂಜಪ್ಪ ಹೆಂಡತಿಯನ್ನು ಮುಟ್ಟಿದ. ಅಜ್ಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಆವತ್ತಿನಿಂದ ಮಂಜುನಾಥ ಆಚೆ ಹೋದರೆ ಸಾಕು, ಹಾಲಿಗೆ ಜೀವ ಬರುತ್ತಿತ್ತು. ಸಾವಂತ್ರಮ್ಮ ಗೋಡೆಯ ಮೇಲೆ ಬೆರಳು ನಡೆಸಿ ಕೈಯನ್ನು ದಿನಕ್ಕಿಷ್ಟು ಮೇಲೆ ಹತ್ತಿಸುತ್ತಿದ್ದಳು. ಮನೆಯಲ್ಲಿ ಮಾಡಬೇಕಾದ್ದನ್ನು ದುರ್ಗಾಂಬಿಕಾ ಎಲ್ಲರಿಗೂ ಹೇಳಿಕೊಡುತ್ತಿದ್ದಳು. ಅವಳು ಹೇಳಿದ್ದು ತಪ್ಪಿದರೆ ಕಾವ್ಯಶ್ರೀ ತಿದ್ದುತ್ತಿದ್ದಳು. ಈಗೀಗ ಅವಳಿಗೂ ಮಾತು ಬಂದಿತ್ತು.

ಒಂದು ದಿನ ಮಂಜುನಾಥ ಬೇಗ ವಾಪಸಾದ. ಮಂಚಗಳೆಲ್ಲ ಖಾಲಿ, ಜನ ಎದ್ದು ನಿಂತಿದ್ದರು.

“ಯಾರು ಹೇಳಿದ್ದು ಇದನ್ನೆಲ್ಲ ಮಾಡಾಕೆ?” ಅಂದ. ನೇರ ದುರ್ಗಾಂಬಿಕಾಳ ಕಡೆಗೇ ತಿರುಗಿದ. “ನಾಳೆಯಿಂದ ಬರಬೇಡ. ನಿನ್ನ ಇಂಟರ್ನ್‌ಶಿಪ್ಪಿಗೆ ನಾನು ಸಹಿ ಹಾಕಲ್ಲ. ಅದೆಂಗೆ ಪಾಸಾಗ್ತೀಯ ನೋಡ್ತೀನಿ.”

ದುರ್ಗಾಂಬಿಕಾಳ ಕಣ್ಣ ಮುಂದೆ ಅವ್ವ ಗಾದ್ರಮ್ಮ ಬಂದಳು. ಕಳೆ ಕೀಳುವ ಸಾಲಿನಲ್ಲಿ ಕೂತು, ನನ್ನ ಮಗಳು ಬಿದ್ದೋರನ್ನ ನಡೆಸೋ ಓದು ಓದ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡವಳು. ಆದರೂ ಅಂದಳು, “ನಾನು ತಪ್ಪು ಮಾಡಿಲ್ಲ ಸಾರ್.”

“ನಾನು ಹೇಳಿದ್ದಕ್ಕೇ ಅವಳು ಮಾಡಿದ್ದು,” ಅಂದಳು ಕಾವ್ಯಶ್ರೀ.

“ನಿಮ್ಮನ್ನ ಕೇಳಿಲ್ಲ ಮೇಡಂ.”

“ಕೇಳದಿದ್ರೂ ಹೇಳ್ತೀನಿ.”

ಜುಂಜಪ್ಪ ಗೋಡೆ ಹಿಡಿದುಕೊಂಡು ಮುಂದೆ ಬಂದ. “ಸಾಹೇಬ್ರೆ, ನಾವು ಇಲ್ಲಿಗೆ ಮಲಗಾಕೆ ಬಂದಿಲ್ಲ, ನಡೆಯಾಕೆ ಬಂದೀವಿ. ಆ ಕೋಣೆ ಬಾಗಿಲು ತೆಗೀರಿ.”

“ಅದು ಸ್ಪೆಷಲ್ ಪೇಷಂಟ್‌ಗಳಿಗೆ.”

“ನಮ್ಮ ಕಾಲಿಗೂ ಅವರ ಕಾಲಿಗೂ ಏನು ಫರಕು ಐತೆ, ಹೇಳ್ರಿ ಕೇಳಾನ,” ಅಂದಳು ಸಾವಂತ್ರಮ್ಮ.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಅಕ್ಕಿ ಗಿರಣಿಯವರ ತಾಯಿ ಲಕ್ಷ್ಮಿದೇವಿ ಮೊಣಕಾಲು ನೋವಿಗೆ ಬಂದಿದ್ದರು. ಮಂಜುನಾಥ ಓಡಿಹೋಗಿ ಕೋಣೆಯ ಬೀಗ ತೆಗೆದ. ಲಕ್ಷ್ಮಿದೇವಿ ಒಳಗೆ ಹೋದರು. ಅವರ ಹಿಂದೆ ಜುಂಜಪ್ಪ, ಅಜ್ಜಮ್ಮ, ಸಾವಂತ್ರಮ್ಮ, ಹಾಲಿನಲ್ಲಿದ್ದವರೆಲ್ಲ ಒಳಗೆ ಹೋದರು.

“ಒಂದು ನಿಮಿಷ ಅಮ್ಮ, ಇವರನ್ನೆಲ್ಲ ಆಚೆ ಕಳಿಸ್ತೀನಿ,” ಅಂದ ಮಂಜುನಾಥ.

“ಯಾಕ್ರೀ ಕಳಿಸ್ತೀರಿ?” ಲಕ್ಷ್ಮಿದೇವಿ ಕುರ್ಚಿಯಲ್ಲಿ ಕೂತರು. “ಒಬ್ಬಳೇ ಈ ಕಂಬಿ ಹಿಡ್ಕಂಡು ಆ ಕಡೆ ಈ ಕಡೆ ತಿರುಗಿ ನನಗೂ ಬೇಜಾರಾಗೈತೆ. ಮಾತಿಗೆ ಜನ ಆಗ್ತಾರೆ, ಇರಲಿ ಬಿಡ್ರಿ.”

ಸಾವಂತ್ರಮ್ಮ ಕಂಬಿಯ ಮೇಲಿದ್ದ ಹಸಿ ಬಟ್ಟೆಗಳನ್ನು ಎಳೆದು ಮಂಜುನಾಥನ ಕೈಗೆ ಕೊಟ್ಟಳು. ಅವನು ಏನು ಎತ್ತ ಎಂದು ತಿಳಿಯುವ ಮೊದಲೇ ಇಸಿದುಕೊಂಡಿದ್ದ. ತೋಳಿನ ತುಂಬ ಒದ್ದೆ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

“ಈ ಹುಡುಗಿ ನಾಳೆ ಬರದಿದ್ರೆ ನಾವ್ಯಾರೂ ಬರಲ್ಲ,” ಅಂದಳು ಅಜ್ಜಮ್ಮ.

“ಬರಲಿ. ಸಹಿ ಮಾತ್ರ ಹಾಕಲ್ಲ,” ಅಂದ ಮಂಜುನಾಥ.

“ಬ್ಯಾಡ ಬಿಡ್ರಿ. ನಾವೆಲ್ಲ ಸೇರಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಾಲೇಜಿಗೆ ಕೊಡ್ತೀವಿ,” ಅಂದಳು ಸಾವಂತ್ರಮ್ಮ.

“ಅದರ ಕೆಳಗೆ ನನ್ನ ಸಹಿ ಇರುತ್ತೆ,” ಅಂದಳು ಕಾವ್ಯಶ್ರೀ.

ಆವತ್ತು ಲಕ್ಷ್ಮಿದೇವಿ ಒಂದು ಸುತ್ತು ನಡೆದರೆ ಜುಂಜಪ್ಪ ಒಂದು ಸುತ್ತು. ಇಬ್ಬರಲ್ಲಿ ಪೈಪೋಟಿಯೇ ಬಿತ್ತು. ದುರ್ಗಾಂಬಿಕಾ ಇಬ್ಬರ ಪಕ್ಕದಲ್ಲೂ ನಡೆದು ನಡೆದು ಬೆವೆತಳು. ಸುಲಿದ ಅಂಗೈ ಉರಿಯುತ್ತಿದ್ದುದು ಅವಳ ಗಮನಕ್ಕೇ ಬರಲಿಲ್ಲ.

ಸಂಜೆ ಎಲ್ಲರೂ ಕೂಡಿ ಬಸ್‌ಸ್ಟ್ಯಾಂಡಿಗೆ ಹೋದರು. ಕತ್ತಲಗೆರೆಯ ಬಸ್ಸು ಹೊರಡುವುದರಲ್ಲಿತ್ತು.

“ಟೈಮಾತು. ಎತ್ತಿ ಒಳಗೆ ಹಾಕಮ್ಮ ಆ ಅಜ್ಜನ್ನ,” ಎಂದು ಕಂಡಕ್ಟರು ಅವಸರ ಮಾಡಿದ.

“ಎತ್ತಿ ಹಾಕಾಕೆ ನಾನೇನು ಮೂಟೆ ಏನಪ್ಪ?” ಅಂದ ಜುಂಜಪ್ಪ. “ನಾನೇ ಹತ್ತುತೀನಿ, ತಡಿ.”

ಡ್ರೈವರು ಹಾರನ್ನು ಒತ್ತಿದ. ಸಾವಂತ್ರಮ್ಮ ಹೋಗಿ ಬಸ್ಸಿನ ಮುಂದೆ ನಿಂತಳು. ಅವಳ ಪಕ್ಕಕ್ಕೆ ಊರುಗೋಲಿನವನೊಬ್ಬ, ಅವನ ಪಕ್ಕಕ್ಕೆ ಕೈಗೆ ಪಟ್ಟಿ ಕಟ್ಟಿದವಳೊಬ್ಬಳು, ಹಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೋಗಿ ಸಾಲಾಗಿ ನಿಂತರು. ಡ್ರೈವರು ಅವರ ಮುಖ ನೋಡಿದ, ಇಂಜಿನ್ನು ಆರಿಸಿದ.

“ಬಲಗಾಲು ಮೊದಲು, ಅಜ್ಜ,” ಅಂದಳು ದುರ್ಗಾಂಬಿಕಾ, ಅವನ ಸೊಂಟದ ಪಟ್ಟಿ ಹಿಡಿದು. “ನಿಧಾನ. ಬಸ್ಸು ಎಲ್ಲೂ ಹೋಗಲ್ಲ.”