ಮಚ್ಚೆಮೀನು

ತಮ್ಮನು ಬಲೆಯನ್ನು ದಡಕ್ಕೆ ಎಳೆದು ಕೊಡವಿದಾಗ ಅದರಿಂದ ಉದುರಿದ್ದು ಬೆಳ್ಳಿಮೀನಲ್ಲ. ಕಲ್ಲಿನ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದ ಅಷ್ಟೂ ಮೀನುಗಳ ಮೈಮೇಲೆ ಕಂದು ಮಚ್ಚೆ. ಅಕ್ಕ ನೋಡಿದ ಕೂಡಲೇ ಗುರುತು ಹಿಡಿದಳು. ಹಿಡಿಯದೆ ಏನು, ದಿನಾ ಬೆಳಗ್ಗೆ ತನ್ನ ಅಂಗಡಿಯ ತೊಟ್ಟಿಯ ನೀರು ಬದಲಿಸಿ, ಸತ್ತವನ್ನು ಆರಿಸಿ ಎಸೆದು, ಬದುಕಿದ್ದವನ್ನು ಡಬ್ಬಿಗೆ ತುಂಬಿ ಗಾಳ ಹಾಕುವವರಿಗೆ ಎರೆಯೆಂದು ಮಾರುವವಳು ಅವಳೇ.

"ನೋಡಿದೆಯಾ?" ಎಂದ ತಮ್ಮ. "ಬೆಳಗಿಂದ ಎಳೆದಿದ್ದಕ್ಕೆ ಇಷ್ಟು. ಬೆಳ್ಳಿಮೀನು ಮೊಟ್ಟೆ ಇಡೋದೇ ತಡ, ಇವು ನುಂಗಿ ಮುಗಿಸ್ತವೆ. ಮೊನ್ನೆ ಮೊನ್ನೆವರೆಗೂ ಈ ಮಡುವಿನಲ್ಲಿ ಕೈ ಅದ್ದಿದರೆ ಬೆಳ್ಳಿಮೀನು ಬೆರಳಿಗೆ ತಾಗ್ತಿತ್ತು."

ಅಕ್ಕ ಬಗ್ಗಿ ಒಂದು ಮೀನನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಕಲ್ಲಿನ ಮೇಲಿಟ್ಟಳು.

ಆ ಜಲಾಶಯದ ನೀರೇನೋ ಒಂದೇ, ಆದರೆ ಅದಕ್ಕೆ ಯಜಮಾನರು ಇಬ್ಬರು. ನಡುವೆ ಕೆಂಪು ಪೀಪಾಯಿಗಳನ್ನು ತೇಲಿಬಿಟ್ಟು, ಈಚೆಗಿನದು ಒಂದು ರಾಜ್ಯದ್ದು, ಆಚೆಗಿನದು ಇನ್ನೊಂದರದ್ದು ಅಂತ ಹಂಚಿಕೊಂಡಿದ್ದಾರೆ. ಅಕ್ಕನ ಅಂಗಡಿ ಇರುವ ಈಚೆ ದಡದಲ್ಲಿ ಗಾಳಕ್ಕೆ ಜೀವಂತ ಮರಿಮೀನು ಸಿಕ್ಕಿಸಿದರೆ ಕೇಳುವವರಿಲ್ಲ. ತಮ್ಮ ಮದುವೆಯಾಗಿ ಹೋಗಿ ನೆಲೆಸಿದ ಆಚೆ ದಡದಲ್ಲಿ ಹಿಟ್ಟಿನ ಉಂಡೆಯೊಂದೇ ಎರೆ. ಜೀವಂತ ಮೀನಿನ ಡಬ್ಬಿ ದೋಣಿಯಲ್ಲಿ ಕಂಡರೂ ಸಾಕು, ದಂಡ. ಯಾಕೆ ಹೀಗೆ ಅಂತ ಈಚೆಯವರು ಯಾರೂ ಕೇಳಿದವರಲ್ಲ. ಆಚೆಯ ಸರ್ಕಾರಕ್ಕೆ ಬೇರೆ ಕೆಲಸವಿಲ್ಲ ಅಂತ ನಗಾಡಿಕೊಂಡು ಇದ್ದುಬಿಟ್ಟಿದ್ದರು. ಅಕ್ಕನೂ ನಕ್ಕವಳೇ.

ಅವಳು ನಕ್ಕ ಕತೆಯಂತೂ ಮನೆಮಂದಿಗೆಲ್ಲ ಬಾಯಿಪಾಠ. ಯಾವುದೋ ವರ್ಷ ನೀರಿನ ನಡುವೆ ದೋಣಿ ನಿಲ್ಲಿಸಿಕೊಂಡಿದ್ದ ಗಿರಾಕಿಗೆ ಕೊಡಲೆಂದು ಅವಳು ಬಕೆಟ್ ತುಂಬ ಮಚ್ಚೆಮೀನು ಒಯ್ದಿದ್ದಳು. ಆಸಾಮಿ ಪತ್ತೆಯಿಲ್ಲ. ಇಷ್ಟು ದೂರ ಬಂದವಳು ತಮ್ಮನ ಮಗುವನ್ನು ನೋಡಿಕೊಂಡೇ ಹೋಗೋಣವೆಂದು ಪೀಪಾಯಿ ದಾಟಿ ಹುಟ್ಟು ಹಾಕಿದಳು. ತಮ್ಮನ ಮಡುವಿನ ಬಾಯಿಗೆ ಬರುವಷ್ಟರಲ್ಲಿ ಕಾವಲಿನವರ ಮೋಟಾರು ದೋಣಿಯ ಸದ್ದು ಕೇಳಿಸಿತು. ಬಕೆಟ್ ಎತ್ತಿದಳು, ಸುರಿದಳು. ಕಾವಲಿನವನು ಹತ್ತಿರ ಬರುವಾಗ ಖಾಲಿ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಅದರೊಳಗೆ ಕಾಲಿಟ್ಟು ಕೂತಿದ್ದಳು. "ಏನಮ್ಮಾ ಅದು ಬಕೆಟ್ಟಿನಲ್ಲಿ?" ಅಂದದ್ದಕ್ಕೆ, "ನನ್ನ ಕಾಲು ಸ್ವಾಮಿ, ಬೇಕಿದ್ರೆ ಎಣಿಸಿಕೊಳ್ಳಿ" ಅಂದಳಂತೆ. ತಮ್ಮ ಆ ಕಾವಲಿನವನ ಹಾಗೆ ಹೊಟ್ಟೆ ಮುಂದೆ ಮಾಡಿ, ಮೀಸೆ ತಿರುವಿ ಇದನ್ನು ಆಡಿ ತೋರಿಸುತ್ತಿದ್ದರೆ ಎಲ್ಲರಿಗೂ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿತ್ತು. ನೆಂಟರು ಬಂದರೆ ತಮ್ಮನ ಹೆಂಡತಿಯೇ, "ಆ ಬಕೆಟ್ಟಿನ ಕತೆ ಹೇಳ್ರೀ" ಎಂದು ಶುರು ಮಾಡಿಸುತ್ತಿದ್ದಳು.

ಈಗ ಬಲೆಯ ಪಕ್ಕ ನಿಂತವಳಿಗೆ ಒಂದು ವಿಷಯ ಹೊಳೆಯಿತು. ಈ ವರ್ಷ ಎರಡು ಸಲ ನೆಂಟರೆಲ್ಲ ಕೂಡಿ ಉಂಡಿದ್ದಾರೆ. ಆ ಕತೆಯನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

"ಲೋ," ಎಂದಳು. "ಅವತ್ತು ನಾನು ಬಕೆಟ್ಟು..."

"ಸುಮ್ನಿರಕ್ಕ." ತಮ್ಮ ಬಲೆಯಿಂದ ತಲೆ ಎತ್ತಲಿಲ್ಲ. "ನೀನು ಬಾಯಿಬಿಟ್ಟು ಹೇಳಿದ್ರೆ ನಾನು ಕೇಳಿಸ್ಕೊಂಡ ಹಾಗಾಗುತ್ತೆ."

ಬಲೆಗೆ ಸಿಕ್ಕಿಕೊಂಡಿದ್ದ ಇನ್ನೊಂದು ಮೀನನ್ನು ಕಿತ್ತು ಎಸೆದ. ಆಮೇಲೆ ಅವನೇ ಬಿಡಿಸಿ ಹೇಳಿದ. ತಾನು ಗುತ್ತಿಗೆ ಹಿಡಿದ ಮಡು ಹಾಳಾಗಿದೆಯೆಂದು ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟಿದ್ದಾನೆ. ಮಧ್ಯಾಹ್ನ ಅಧಿಕಾರಿ ಬರುತ್ತಾರೆ. ಹೊರಗಿನವರು ಯಾರೋ ತಂದುಬಿಟ್ಟ ಮೀನಿನಿಂದ ಹಾಳಾಯಿತೆಂದರೆ ಅವನಿಗೆ ಇದರ ಬದಲು ಮೇಲಿನ ಮಡುವನ್ನು ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆದಾರನ ಮನೆಯವರ ಕೈವಾಡ ಅಂತಾದರೆ ಇದ್ದದ್ದೂ ಹೋಗುತ್ತದೆ, ಇನ್ನು ಈ ನೀರಿಗೆ ಬಲೆ ಹಾಕುವ ಹಾಗಿಲ್ಲ. ಅವನಿಗೆ ಬರುವ ಕೆಲಸ ಅದೊಂದೇ.

"ಹೊರಗಿನವರು ಅಂದ್ರೆ ಯಾರು ಅಂತ ಹೇಳಿದೀಯ?"

"ಟೈಲರು ಅಂತ ಹೇಳಿದೀನಿ. ಆ ಕಡೆಯಿಂದ ಈ ಮಡುವಿಗೆ ಗಾಳ ಹಾಕೋಕೆ ಬರೋನು ಅವನೊಬ್ಬನೇ ತಾನೆ?"

ಟೈಲರಣ್ಣ ಅಕ್ಕನ ಹಳೆಯ ಗಿರಾಕಿ. ಜೀವಮಾನವಿಡೀ ಕಪ್ಪು ಬಟ್ಟೆಯನ್ನು ಕಪ್ಪು ದಾರದಲ್ಲಿ ಹೊಲಿದು ಕಣ್ಣು ಕೆಡಿಸಿಕೊಂಡವರು. ಮಧ್ಯಾಹ್ನವಾದರೆ ಈಚೆ ದಡದ ಬಿಸಿಲಿನ ಝಳ ಅವರಿಗೆ ತಡೆಯದು. ಆಚೆ ಮಡುವಿನಲ್ಲಿ ಮರದ ನೆರಳು, ಹಸಿರು ನೀರು. ಅಲ್ಲಿ ಕೂತರೆ ಕಣ್ಣಿಗೆ ಮದ್ದು ಹಾಕಿದ ಹಾಗಿರುತ್ತದೆ ಎನ್ನುತ್ತಿದ್ದರು. ಮೀನು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

"ಅವರು ಅಂಥವರಲ್ಲ ಕಣೋ."

"ನನಗೂ ಗೊತ್ತು ಅಕ್ಕ," ಎಂದ ತಮ್ಮ. ಅವನ ದನಿ ಸಣ್ಣದಾಗಿತ್ತು. "ಅವರಿಗೆ ಇದು ಹೊತ್ತು ಕಳೆಯೋ ಆಟ. ನನಗೆ ಹೊಟ್ಟೆಪಾಡು. ನೀನೇ ಹೇಳು, ನಾನೇನು ಮಾಡ್ಲಿ?"

ಅವ್ವ ಹೋದಾಗ ಇವನಿಗೆ ಇನ್ನೂ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಸೊಂಟದ ಮೇಲಿಂದ ಇಳಿಸದೆ ಸಾಕಿದವಳು ಅವಳು. ನೀನೇ ಹೇಳು ಅಂತ ಅವನು ಕೇಳಿದಾಗಲೆಲ್ಲ ಅವಳ ಹತ್ತಿರ ಏನಾದರೊಂದು ಉತ್ತರ ಇರುತ್ತಿತ್ತು. ಈ ಸಲ ಅವಳು ಕಲ್ಲಿನ ಮೇಲೆ ಚೆಲ್ಲಿದ್ದ ಮೀನುಗಳನ್ನು ಬುಟ್ಟಿಗೆ ಬಾಚತೊಡಗಿದಳು.

ಮಧ್ಯಾಹ್ನ ಬಲೆಯ ಕೊಟ್ಟಿಗೆಯಲ್ಲಿ ವಿಚಾರಣೆ ನಡೆಯಿತು. ಮೂಲೆಯಲ್ಲಿ ಹರಿದ ಬಲೆಗಳ ರಾಶಿ, ನಡುವೆ ಅಧಿಕಾರಿಗೆಂದು ಒರೆಸಿಟ್ಟ ಒಂದು ಕುರ್ಚಿ, ಅವರ ಮುಂದೆ ತಟ್ಟೆಯಲ್ಲಿ ಆಗಲೇ ಸೆಟೆಯುತ್ತಿದ್ದ ನಾಲ್ಕಾರು ಮಚ್ಚೆಮೀನು. ಅಕ್ಕಪಕ್ಕದ ಮಡುಗಳ ಬಲೆಯವರೆಲ್ಲ ಬಾಗಿಲಿಗೆ ಒತ್ತಿ ನಿಂತಿದ್ದರು. ಅವರೂ ಟೈಲರನ್ನೇ ನೋಡಿದ್ದರಂತೆ. ಒಬ್ಬ ಡಬ್ಬಿ ಕಂಡಿದ್ದನಂತೆ, ಇನ್ನೊಬ್ಬ ಡಬ್ಬಿ ಅಲ್ಲಾಡಿದ್ದನ್ನೂ ಕಂಡಿದ್ದನಂತೆ. ತಮ್ಮನ ಹೆಂಡತಿ ಮಗುವನ್ನು ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಟೈಲರಣ್ಣ ಮಡಿಸಿದ ಕೊಡೆ ಹಿಡಿದು ನಿಂತಿದ್ದರು. ಹೆದರಿದ ಹಾಗೇನೂ ಕಾಣಲಿಲ್ಲ. "ಸ್ವಾಮಿ," ಎಂದರು, "ಬೆಳಗ್ಗೆ ಆ ದಡದಲ್ಲಿ ಜೀವದ ಎರೆ ಹಾಕ್ತೀನಿ, ಸುಳ್ಳು ಹೇಳಲ್ಲ. ಆದ್ರೆ ಈ ಕಡೆ ಬರೋಕೆ ಮುಂಚೆ ಉಳಿದ ಮೀನನ್ನ ಈ ಅಂಗಡಿಯಮ್ಮನ ತೊಟ್ಟಿಗೇ ವಾಪಸ್ ಹಾಕಿ, ಹಿಟ್ಟಿನ ಉಂಡೆ ತಗೊಂಡು ಬರ್ತೀನಿ. ಒಂದೇ ಒಂದು ಉಳಿದಿದ್ರೂ ಹಾಕ್ತೀನಿ. ಇಲ್ಲೇ ಇದ್ದಾರಲ್ಲ, ಅವರನ್ನೇ ಕೇಳಿ."

ಅಧಿಕಾರಿ ಅವಳ ಕಡೆ ತಿರುಗಿದರು. "ಹೌದೇನಮ್ಮಾ?"

ಹೌದು. ದಿನಾ ಹೌದು. ಡಬ್ಬಿಯನ್ನು ಬಗ್ಗಿಸಿ ತಳ ತಟ್ಟಿ, ಮೀನೇನಾದರೂ ಅಂಟಿಕೊಂಡಿದೆಯೋ ಎಂದು ಆ ಮಂದಗಣ್ಣುಗಳಿಂದ ಇಣುಕಿ ನೋಡುವವರೆಗೆ ಆ ಮನುಷ್ಯ ತೊಟ್ಟಿ ಬಿಟ್ಟು ಕದಲುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ತಮ್ಮನ ಮೇಲೆ ಬಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ. ಕೈಗೆ ಸಿಕ್ಕ ಬಲೆಯ ತುಂಡೊಂದರ ಗಂಟನ್ನು ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ.

"ಅಂಗಡಿಗೆ ಎಷ್ಟೋ ಜನ ಬರ್ತಾರೆ ಸ್ವಾಮಿ," ಎಂದಳು ಅಕ್ಕ. "ಯಾರು ತಂದು ಹಾಕ್ತಾರೆ, ಯಾರು ಹಾಕಲ್ಲ ಅಂತ ನನಗೆ ನೆನಪಿರಲ್ಲ."

ಟೈಲರಣ್ಣ ಅವಳನ್ನೇ ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಕೈತಪ್ಪಿ ಬಿದ್ದ ಸೂಜಿಯನ್ನು ನೆಲದಲ್ಲಿ ಹುಡುಕುವವರ ಹಾಗೆ ಹಣೆ ಗಂಟಿಕ್ಕಿಕೊಂಡು ನೋಡಿದರು, ಅಷ್ಟೇ.

ಆಚೆ ದಡಕ್ಕೆ ಇನ್ನು ಅವರು ಗಾಳ ತರುವಂತಿಲ್ಲವೆಂದು ಆಯಿತು. ತಮ್ಮನಿಗೆ ಮೇಲಿನ ಮಡು ಸಿಕ್ಕಿತು. ಸಂಜೆ ಅವನ ಹೆಂಡತಿ ಬಾಗಿಲವರೆಗೆ ಬಂದು, "ಅತ್ತಿಗೆ, ಊಟ ಮಾಡಿಕೊಂಡು ಹೋಗಿ" ಎಂದು ಎರಡೆರಡು ಸಲ ಕರೆದಳು. ಅಕ್ಕ ಹಸಿವಿಲ್ಲವೆಂದು ದೋಣಿ ಹತ್ತಿದಳು. ಕೊನೆಗೂ ಇವನನ್ನು ಉಳಿಸಿದೆ ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ಬೇರೆ ಯಾರದೋ ಮಾತಿನಂತೆ ಕೇಳಿಸಿತು.

ಆ ಮೇಲೆ ಕೆಲವು ದಿನ ಟೈಲರಣ್ಣ ಅಂಗಡಿಯ ಕಡೆ ಬರಲಿಲ್ಲ. ಇನ್ನು ಬರುವುದೂ ಇಲ್ಲವೆಂದುಕೊಂಡು, ಅದೇ ಒಳ್ಳೆಯದೆಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಒಂದು ಬೆಳಗ್ಗೆ ಬಂದು ನಿಂತರು. ಅವಳ ಕೈ ತಾನಾಗಿ ಮೀನು ಎತ್ತುವ ಜಾಲರಿಗೆ ಹೋಯಿತು.

"ಬೇಡಮ್ಮಾ," ಎಂದರು. "ಹಿಟ್ಟೇ ಕೊಡಿ. ಇನ್ಮೇಲೆ ಈ ದಡದಲ್ಲೂ ಹಿಟ್ಟೇ."

"ಇಲ್ಲಿ ಜೀವದ ಎರೆಗೆ ಯಾರೂ ಬೇಡ ಅನ್ನಲ್ಲ ಟೈಲರಣ್ಣ. ಹಿಟ್ಟಿಗೆ ಇಲ್ಲಿಯ ಮೀನು ಮೂಸಿಯೂ ನೋಡಲ್ಲ."

"ಇರ್ಲಿ." ಅವರು ಅಂಗಡಿಯ ಹಲಗೆಯ ಮೇಲೆ ಕೈಯೂರಿದರು. "ಮನೆಯಲ್ಲಿ ಕೂತು ತುಂಬ ಯೋಚನೆ ಮಾಡಿದೆ ಅಂಗಡಿಯಮ್ಮ. ದಿನಾ ತೊಟ್ಟಿಗೆ ಹಾಕಿದೀನಿ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಆದ್ರೆ ನಿಮಗೇ ನೆನಪಿಲ್ಲ ಅಂದಮೇಲೆ, ನಾನೇ ಎಲ್ಲೋ ಮರೆತಿರಬೇಕು. ವಯಸ್ಸಾಯ್ತು ನೋಡಿ. ಕಣ್ಣಂತೂ ಕೈಕೊಟ್ಟಿತ್ತು, ಈಗ ತಲೆಯೂ ಹಾಗೇ ಆಗಿರಬಹುದು."

ಅಕ್ಕ ಹಿಟ್ಟಿಗೆ ನೀರು ಹಾಕಿದಳು. ಜಾಸ್ತಿಯಾಯಿತು. ಮತ್ತೆ ಹಿಟ್ಟು ಹಾಕಿದಳು.

"ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ," ಎಂದರು ಟೈಲರಣ್ಣ. "ಬೇಕು ಅಂತ ಮಾಡಿದ್ದಲ್ಲ, ಮನಸ್ಸಿಗೆ ಹಚ್ಕೋಬೇಡ ಅಂತ. ಪಾಪ, ಸಂಸಾರಸ್ಥ. ನನ್ನಿಂದ ಅವನ ಮಡು ಹಾಳಾಯ್ತಲ್ಲ ಅನ್ನೋದೇ ನನಗೆ ಸಂಕಟ."

ಹಿಟ್ಟನ್ನು ನಾದುತ್ತಲೇ ಇದ್ದಳು. ಅದು ಉಂಡೆಯಾಗಿ ಎಷ್ಟೋ ಹೊತ್ತಾಗಿತ್ತು.

"ಹೇಳ್ತೀರಾ?"

"ಹೇಳ್ತೀನಿ," ಎಂದಳು ಅಕ್ಕ.

ಅವರು ಉಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅಂಗಡಿಯ ಕೆಳಗಿನ ಕಲ್ಲಿನ ಮೇಲೆ ಕೂತು ಗಾಳ ಬಿಟ್ಟರು. ಬಿಸಿಲು ಏರಿತು, ನೀರೆಲ್ಲ ಕಣ್ಣು ಕುಕ್ಕುವ ಹಾಗೆ ಹೊಳೆಯತೊಡಗಿತು. ಅವರು ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡು, ಮಧ್ಯಾಹ್ನ ಕಳೆಯುವವರೆಗೂ ಅಲ್ಲೇ ಕೂತಿದ್ದರು.